ನೀವಿಲ್ಲದ ದಿನ ಆ ಕಾಗದ ಸಿಗುತ್ತಾ?

ಪ್ರಶ್ನೆ: ನನಗೆ 36 ವರ್ಷ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಹಕಾರ ಸಂಘದಲ್ಲಿ 9 ವರ್ಷದಿಂದ ಸಾಲ ವಿಭಾಗ ನೋಡಿಕೊಳ್ಳುತ್ತಿದ್ದೇನೆ. ಹೋದ ವರ್ಷ ಹೊಸ ಸೆಕ್ರೆಟರಿ ಬಂದರು. ನನ್ನ ಟೇಬಲ್ ಮೇಲೆ ಕಾಗದ ಜಾಸ್ತಿ ಇರುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೆ ಯಾವುದು ಎಲ್ಲಿದೆ ಅಂತ ನನಗೆ ಗೊತ್ತಿರುತ್ತದೆ. ಕಳೆದ ತಿಂಗಳು ಮಗನಿಗೆ ಜ್ವರ ಅಂತ ಎರಡು ದಿನ ರಜೆ ಹಾಕಿದ್ದೆ. ವಾಪಸ್ ಬಂದ ದಿನ ಕೌಂಟರ್ ಎದುರು ನಾಲ್ಕೈದು ಷೇರುದಾರರು ನಿಂತಿದ್ದಾಗಲೇ ಸೆಕ್ರೆಟರಿ ಬಂದು, “ಇದೇನು ಟೇಬಲ್ಲಾ, ಗುಜರಿ ಅಂಗಡಿಯಾ? ಒಬ್ಬರ ಪಹಣಿ ಸಿಗಲ್ಲ ಅಂದ್ರೆ ನೀವಿದ್ದು ಏನು ಪ್ರಯೋಜನ?” ಅಂದರು. ಆ ಪಹಣಿ ಇವತ್ತಿಗೂ ಸಿಕ್ಕಿಲ್ಲ. ಅವತ್ತಿಂದ ಸಂಜೆ ಏಳರವರೆಗೆ ಕೂತು ಜೋಡಿಸುತ್ತೇನೆ. ಬಸ್ಸು ತಪ್ಪುತ್ತದೆ, ಯಜಮಾನರು ಬೈಕ್‌ನಲ್ಲಿ ಬಂದು ಕರೆದುಕೊಂಡು ಹೋಗಬೇಕು. ಮಾರನೇ ದಿನ ಮಧ್ಯಾಹ್ನಕ್ಕೆ ಮತ್ತೆ ಅದೇ ರಾಶಿ. ಅವರ ಹೆಜ್ಜೆ ಸದ್ದು ಕೇಳಿದರೆ ಎದೆ ಹೊಡೆದುಕೊಳ್ಳುತ್ತದೆ. ಬುದ್ಧಿವಂತರ ಟೇಬಲ್ ಹೀಗೇ ಇರುತ್ತೆ ಅಂತ ಒಬ್ಬರು ಹೇಳಿದರೆ, ಅವರಿಗೆ ನಿನ್ನ ಕಂಡ್ರೆ ಆಗಲ್ಲ ಅಂತ ಇನ್ನೊಬ್ಬರು. ಮನೆಯಲ್ಲಿ ಕೆಲಸ ಬಿಟ್ಟುಬಿಡು ಅನ್ನುತ್ತಾರೆ. ನನ್ನ ಅಡುಗೆಮನೆ ಒಪ್ಪವಾಗಿಯೇ ಇದೆ, ಇಲ್ಲಿ ಮಾತ್ರ ಯಾಕೆ ಹೀಗೆ? ನಾನು ಎದುರು ಮಾತಾಡಬೇಕಾ, ಸುಮ್ನೆ ಇರಬೇಕಾ, ಅಧ್ಯಕ್ಷರಿಗೆ ಹೇಳಬೇಕಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಟೇಬಲ್ ಒಂದು ತೊಂದರೆ, ಸೆಕ್ರೆಟರಿ ಮಾತು ಇನ್ನೊಂದು. ನಿಮ್ಮ ಮನಸ್ಸಿನಲ್ಲಿ ಎರಡೂ ಸಿಕ್ಕು ಬಿದ್ದಿವೆ. ಅವರ ಮಾತಿನ ನೋವು ಹೋಗಲಿ ಅಂತ ಟೇಬಲ್ ಜೋಡಿಸುತ್ತಿದ್ದೀರಿ, ಟೇಬಲ್ ಮತ್ತೆ ಕೆಟ್ಟಾಗ ಆ ಮಾತು ನಿಜವೇನೋ ಅನ್ನಿಸುತ್ತದೆ. ಮೊದಲು ಈ ಸಿಕ್ಕು ಬಿಡಿಸೋಣ.

ನಾನು 28 ವರ್ಷ ಕಚೇರಿಗಳಲ್ಲಿ ಕಳೆದವಳು. ಗುಮಾಸ್ತೆಯಾಗಿ ಸೇರಿ ಮ್ಯಾನೇಜರ್ ಆದೆ. ಈಗ ಶಿವಮೊಗ್ಗದಲ್ಲಿದ್ದುಕೊಂಡು ಕಚೇರಿ ಸಿಬ್ಬಂದಿಗೆ ಕಡತ ನಿರ್ವಹಣೆಯ ತರಬೇತಿ ಕೊಡುತ್ತೇನೆ. ಕಾಗದದ ರಾಶಿ ಇರುವ ಟೇಬಲ್‌ಗಳನ್ನು ಬಹಳ ನೋಡಿದ್ದೇನೆ. ಅವುಗಳ ಹಿಂದೆ ಸೋಮಾರಿಗಳು ಕೂತಿದ್ದು ಬಹಳ ಕಡಿಮೆ. ಹೆಚ್ಚಾಗಿ ಇಡೀ ಕಚೇರಿಯ ಕೆಲಸ ಹೊತ್ತವರೇ ಇರುತ್ತಿದ್ದರು.

ನಿಮ್ಮ ಸಹೋದ್ಯೋಗಿಗಳು ಹೇಳಿದ್ದನ್ನು ಮೊದಲು ನೋಡೋಣ. ಬುದ್ಧಿವಂತರ ಟೇಬಲ್ ಕೆದರಿಕೊಂಡೇ ಇರುತ್ತೆ ಅನ್ನೋ ಮಾತಿಗೆ ಐನ್‌ಸ್ಟೈನ್ ಮೇಜಿನ ಫೋಟೊ ತೋರಿಸುವವರಿದ್ದಾರೆ. ಅದು ನಿಜವಾದ ಫೋಟೊನೇ. 1955ರ ಏಪ್ರಿಲ್ 18ರಂದು, ಅವರು ತೀರಿಕೊಂಡ ದಿನ, ರಾಲ್ಫ್ ಮೋರ್ಸ್ ಎಂಬ ಛಾಯಾಗ್ರಾಹಕ ಪ್ರಿನ್ಸ್‌ಟನ್‌ನ ಅವರ ಕೋಣೆಗೆ ಹೋಗಿ ತೆಗೆದದ್ದು. ಇದರ ಬಗ್ಗೆ ಪ್ರಯೋಗವೂ ನಡೆದಿದೆ. 2013ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಕ್ಯಾಥ್ಲೀನ್ ವೋಸ್ ಮತ್ತು ಜೊತೆಗಾರರು ಕೆಲವರನ್ನು ಒಪ್ಪವಾದ ಕೋಣೆಯಲ್ಲಿ, ಕೆಲವರನ್ನು ಕೆದರಿದ ಕೋಣೆಯಲ್ಲಿ ಕೂರಿಸಿ, ಪಿಂಗ್‌ಪಾಂಗ್ ಚೆಂಡಿಗೆ ಹೊಸ ಉಪಯೋಗ ಯೋಚಿಸಿ ಅಂದರು. ಕೆದರಿದ ಕೋಣೆಯವರು ಹೆಚ್ಚು ಹೊಸತನದ ಉತ್ತರ ಕೊಟ್ಟರು. ಆದರೆ ಅದೇ ತಂಡದ ಇನ್ನೊಂದು ಪ್ರಯೋಗದಲ್ಲಿ ಒಪ್ಪವಾದ ಕೋಣೆಯಲ್ಲಿ ಕೂತವರು ದಾನಕ್ಕೆ ಹೆಚ್ಚು ದುಡ್ಡು ಕೊಡಲು ಒಪ್ಪಿದರು, ಚಾಕೊಲೇಟ್ ಬಿಟ್ಟು ಸೇಬು ತೆಗೆದುಕೊಂಡವರೂ ಅವರಲ್ಲೇ ಹೆಚ್ಚು. ಅಂದರೆ ಒಂದೊಂದು ಕೆಲಸಕ್ಕೆ ಒಂದೊಂದು ಬಗೆಯ ಜಾಗ ಹೊಂದುತ್ತದೆ, ಅಷ್ಟೇ. ಐನ್‌ಸ್ಟೈನ್ ಮೇಜಿನ ಮೇಲೆ ಇದ್ದದ್ದು ಅವರದೇ ಕಾಗದ. ನಿಮ್ಮ ಮೇಜಿನ ಮೇಲೆ ಇರೋದು ಬೇರೆಯವರ ಜಮೀನಿನ ಕಾಗದ. ಹಾಗಾಗಿ ಆ ಸಮಾಧಾನ ನಿಮಗೆ ಬೇಡ.

‘ಯಾವುದು ಎಲ್ಲಿದೆ ಅಂತ ನನಗೆ ಗೊತ್ತಿರುತ್ತದೆ’ ಅಂತ ಬರೆದಿದ್ದೀರಲ್ಲ, ಅದನ್ನು ನಾನು ನಂಬುತ್ತೇನೆ. ನಿಮ್ಮ ತೊಂದರೆಯ ಬೇರು ಇರುವುದೂ ಅಲ್ಲೇ. ಪಹಣಿ ಕಾಣೆಯಾದದ್ದು ನೀವು ರಜೆಯಲ್ಲಿದ್ದಾಗ. ನೀವಿಲ್ಲದ ಆ ಎರಡು ದಿನ ಯಾರೋ ನಿಮ್ಮ ರಾಶಿಗೆ ಕೈ ಹಾಕಿರಬೇಕು, ಸಿಕ್ಕಿರಲಿಕ್ಕಿಲ್ಲ. ಕೌಂಟರ್ ಎದುರು ಷೇರುದಾರರು, ಒಳಗೆ ಸೆಕ್ರೆಟರಿ. ಅವರಿಗೆ ಮುಜುಗರ ಆಗಿರಬೇಕು. ಅದು ಸಿಟ್ಟಾಗಿ ನಿಮ್ಮ ಮೇಲೆ ಬಂತು. ಅವರು ಹೇಳಿದ ರೀತಿ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಮಾತಿನೊಳಗೆ ಒಂದು ನ್ಯಾಯವಾದ ಪ್ರಶ್ನೆ ಇದೆ: ನೀವಿಲ್ಲದ ದಿನ ಆ ಕಾಗದ ಸಿಗುತ್ತಾ? ನನ್ನ ಮಟ್ಟಿಗೆ ಟೇಬಲ್ ಒಪ್ಪ ಅಂದರೆ ಇದೊಂದೇ. ಮೇಜು ಖಾಲಿ ಇರಬೇಕಾಗಿಲ್ಲ, ಫಳಫಳ ಹೊಳೆಯಬೇಕಾಗಿಲ್ಲ. ಪಕ್ಕದ ಟೇಬಲ್‌ನವರು ಬಂದು ಹುಡುಕಿದರೆ ಎರಡು ನಿಮಿಷದಲ್ಲಿ ಸಿಗಬೇಕು.

ಅಡುಗೆಮನೆ ಒಪ್ಪವಾಗಿದೆ, ಇಲ್ಲಿ ಯಾಕೆ ಹೀಗೆ ಅಂತ ಕೇಳಿದ್ದೀರಿ. ತುಂಬ ಒಳ್ಳೆ ಪ್ರಶ್ನೆ. ನೀವು ನಾಲ್ಕು ದಿನ ತವರಿಗೆ ಹೋದರೂ ಮನೆಯವರಿಗೆ ಸಾಸಿವೆ ಡಬ್ಬಿ ಸಿಗುತ್ತದೆ, ಯಾಕೆಂದರೆ ಅದಕ್ಕೊಂದು ಜಾಗ ಇದೆ. ಇನ್ನೊಂದು ವಿಷಯ, ಮನೆಗೆ ಬಂದ ಸೌತೆಕಾಯಿ ಹುಳಿಗಾ, ಸಾಸಿವೆಗಾ ಅಂತ ತೀರ್ಮಾನ ಮಾಡುವವರು ನೀವೇ. ಕಚೇರಿಯಲ್ಲಿ ಹಾಗಲ್ಲ. ಒಬ್ಬರು ಸಾಲದ ಅರ್ಜಿ ಕೊಡುತ್ತಾರೆ, ಪಹಣಿ ಇದೆ, ಬೇರೆ ಬ್ಯಾಂಕಿನಲ್ಲಿ ಸಾಲ ಬಾಕಿ ಇಲ್ಲ ಅನ್ನೋ ಬೇಬಾಕಿ ಪತ್ರ ಇಲ್ಲ. ಇನ್ನೊಬ್ಬರದು ಎಲ್ಲ ಇದೆ, ಜಾಮೀನುದಾರರ ಸಹಿ ಇಲ್ಲ. ಮೂರನೆಯದಕ್ಕೆ ಸೆಕ್ರೆಟರಿ ಸಹಿ ಬೇಕು, ಅವರು ಮೀಟಿಂಗ್‌ಗೆ ಹೋಗಿದ್ದಾರೆ. ಇವನ್ನು ಎಲ್ಲಿಡೋದು? ಮುಗಿದಿಲ್ಲ, ಹಾಗಾಗಿ ಬೀರುವಿಗೆ ಹೋಗಲ್ಲ. ಒಳಗಿಟ್ಟರೆ ಮರೆತುಹೋಗುತ್ತೆ ಅನ್ನೋ ಹೆದರಿಕೆ ಬೇರೆ. ಅದಕ್ಕೇ ಕಣ್ಣೆದುರು ಇಡುತ್ತೀರಿ. ಅಂಥವು ಮೂವತ್ತು ಸೇರಿದರೆ ರಾಶಿ. ನೀವು ಸಂಜೆ ಏಳರವರೆಗೆ ಕೂತು ಮಾಡುತ್ತಿರುವುದು ಅಂಚು ಸಮ ಮಾಡಿ ಪೇರಿಸುವ ಕೆಲಸ ಮಾತ್ರ. ಯಾವ ಕಾಗದಕ್ಕೂ ತೀರ್ಮಾನ ಆಗಿರುವುದಿಲ್ಲ, ಅದಕ್ಕೇ ಮಧ್ಯಾಹ್ನಕ್ಕೆ ಮತ್ತೆ ಅಲ್ಲಿಗೇ ಬರುತ್ತದೆ.

ಅದರ ಮೇಲೆ ನಮ್ಮ ಮಳೆಗಾಲ. ಜೂನ್, ಜುಲೈನಲ್ಲಿ ಬೆಳೆ ಸಾಲದ ನವೀಕರಣ, ಅಡಿಕೆ ಮತ್ತು ಕಾಳುಮೆಣಸಿನ ಬೆಳೆ ವಿಮೆ, ಎಲ್ಲ ಒಟ್ಟಿಗೆ ಮೈಮೇಲೆ ಬರುತ್ತವೆ. ಕಾಗದ ಅತಿ ಹೆಚ್ಚು ಬರುವ ತಿಂಗಳೂ, ಕಾಗದಕ್ಕೆ ಅತಿ ಕೆಟ್ಟ ತಿಂಗಳೂ ಒಂದೇ. ತೀರ್ಥಹಳ್ಳಿ ಕಡೆಯ ಕಚೇರಿಗಳಲ್ಲಿ ಜುಲೈನಲ್ಲಿ ಬೀರು ತೆಗೆದರೆ ಬರುವ ಮುಗ್ಗಲು ವಾಸನೆ ನಿಮಗೆ ನಾನು ಹೇಳಬೇಕಾಗಿಲ್ಲ. ಒಳಗಿಟ್ಟರೆ ಬೂಷ್ಟು ಹಿಡಿಯುತ್ತೆ ಅಂತ ಎಷ್ಟೋ ಜನ ಕಡತಗಳನ್ನು ಟೇಬಲ್ ಮೇಲೇ ಹರಡಿ ಫ್ಯಾನ್ ಹಾಕಿರುತ್ತಾರೆ. ನೀವೂ ಹಾಗೆ ಮಾಡುತ್ತಿದ್ದರೆ ಅದನ್ನು ಸೆಕ್ರೆಟರಿಗೆ ಹೇಳಿದ್ದೀರಾ? ಹೊರಗಿನಿಂದ ಬಂದವರಾದರೆ ಅವರಿಗೆ ಇದು ಬರೀ ಅವ್ಯವಸ್ಥೆಯಾಗಿ ಕಾಣಬಹುದು.

ಇನ್ನು, ಅವರಿಗೆ ನಿಮ್ಮನ್ನು ಕಂಡರೆ ಆಗಲ್ಲ ಅನ್ನೋ ಮಾತು. ಇರಬಹುದು, ಇಲ್ಲದಿರಬಹುದು. ಒಂದು ಘಟನೆಯಿಂದ ಅದನ್ನು ತೀರ್ಮಾನಿಸೋಕೆ ಆಗಲ್ಲ. ಅವರು ಬೇರೆಯವರಿಗೂ ಹೀಗೇ ಕೂಗುತ್ತಾರಾ, ನೀವು ಕೆಲಸ ಚೆನ್ನಾಗಿ ಮಾಡಿದಾಗಲೂ ತಪ್ಪು ಹುಡುಕುತ್ತಾರಾ, ಇವೆರಡನ್ನು ಒಂದು ತಿಂಗಳು ಗಮನಿಸಿ. ಎಲ್ಲರಿಗೂ ಕೂಗುವವರಾದರೆ ಅದು ಅವರ ಗುಣ.

ಇಲ್ಲಿ ನನ್ನ ಒಂದು ತಪ್ಪನ್ನು ಹೇಳಬೇಕು. ನಾನು ಮ್ಯಾನೇಜರ್ ಆದ ಹೊಸತು. ನಮ್ಮಲ್ಲಿ ಒಬ್ಬ ಗುಮಾಸ್ತರಿದ್ದರು, ನನಗಿಂತ ಹಿರಿಯರು. ಅವರ ಟೇಬಲ್ ನಿಮ್ಮದರ ಹಾಗೆಯೇ. ಮೇಲಧಿಕಾರಿಗಳು ಬರುವ ಹಿಂದಿನ ದಿನ ಎಲ್ಲರೆದುರು ಅವರಿಗೆ ಬೈದೆ. ಮಾರನೇ ದಿನ ಟೇಬಲ್ ಮೇಲೆ ಒಂದು ಪೆನ್ ಸ್ಟ್ಯಾಂಡ್, ಒಂದು ರಿಜಿಸ್ಟರ್, ಅಷ್ಟೇ. ನನಗೆ ಖುಷಿಯಾಯಿತು. ಒಂದೂವರೆ ತಿಂಗಳಾದ ಮೇಲೆ ಒಬ್ಬ ರೈತರು ತಮ್ಮ ಅರ್ಜಿ ಏನಾಯಿತು ಅಂತ ಕೇಳಿಕೊಂಡು ಬಂದರು. ಹುಡುಕಿದಾಗ ಸಿಕ್ಕಿದ್ದು ಕಬ್ಬಿಣದ ಬೀರುವಿನ ಕೆಳಗಿನ ಅರೆಯಲ್ಲಿ, ಒಂದು ಗೋಣಿಚೀಲದೊಳಗೆ. ಬಾಯಿಗೆ ಸುತ್ತಲಿ ದಾರ ಕಟ್ಟಿತ್ತು. ಅದರಲ್ಲಿ 11 ಅರ್ಜಿಗಳಿದ್ದವು. ಗೋಡೆ ಕಡೆಯಿದ್ದ ನಾಲ್ಕು ಕಾಗದ ಒಂದಕ್ಕೊಂದು ಅಂಟಿ, ಬಿಡಿಸಿದರೆ ಶಾಯಿ ಎದ್ದುಬರುತ್ತಿತ್ತು. ಆ ಹಿರಿಯರು ನನ್ನ ಮುಖ ನೋಡಲಿಲ್ಲ. ನಾನು ಬೈದದ್ದರಿಂದ ಟೇಬಲ್ ಸ್ವಚ್ಛವಾಗಿತ್ತು, ಕೆಲಸ ಹಾಳಾಗಿತ್ತು. ನನ್ನ ಹೆದರಿಕೆಗೆ ಅವರು ಕಾಗದವನ್ನೇ ಬಚ್ಚಿಟ್ಟಿದ್ದರು.

ಆಮೇಲೆ ಓದುವಾಗ ತಿಳಿಯಿತು, ಇದು ನನ್ನೊಬ್ಬಳ ಅನುಭವ ಅಲ್ಲ. 1996ರಲ್ಲಿ ಕ್ಲೂಗರ್ ಮತ್ತು ಡಿನಿಸಿ ಎಂಬ ಇಬ್ಬರು ಸಂಶೋಧಕರು, ಕೆಲಸದ ಬಗ್ಗೆ ಹೇಳಿದರೆ ಜನ ಸುಧಾರಿಸುತ್ತಾರಾ ಅಂತ ಅದುವರೆಗೆ ನಡೆದ ನೂರಾರು ಫಲಿತಾಂಶಗಳನ್ನು ಒಟ್ಟುಮಾಡಿ ನೋಡಿದರು. ಸರಾಸರಿ ಲೆಕ್ಕದಲ್ಲಿ ಸುಧಾರಣೆ ಇತ್ತು. ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಲ ಕೆಲಸ ಮೊದಲಿಗಿಂತ ಕೆಟ್ಟಿತ್ತು. ಹೇಳಿದ ಮಾತು ಕೆಲಸವನ್ನು ಬಿಟ್ಟು ‘ನಾನು ಎಂಥವಳು’ ಅನ್ನೋ ಕಡೆ ಮನಸ್ಸನ್ನು ಎಳೆದಷ್ಟೂ ಉಪಯೋಗ ಕಡಿಮೆ ಅಂತ ಅವರು ವಿವರಿಸಿದರು. ‘ಪಹಣಿ ಸಿಗಲಿಲ್ಲ’ ಅನ್ನೋದು ಕೆಲಸದ ಮಾತು. ‘ನೀವಿದ್ದು ಏನು ಪ್ರಯೋಜನ’ ಅನ್ನೋದು ನಿಮ್ಮ ಮೇಲಿನ ಮಾತು. ಮೊದಲನೆಯದನ್ನು ಇಟ್ಟುಕೊಳ್ಳಿ. ಎರಡನೆಯದಕ್ಕೆ ಉತ್ತರ ಕೊಡಬೇಕು, ಆದರೆ ಟೇಬಲ್ ಒರೆಸಿ ಅಲ್ಲ.

ಈಗ ಟೇಬಲ್‌ಗೆ ಬರೋಣ. ನಮ್ಮ ಕಡೆ ಅಡಿಕೆ ಆರಿಸುವವರನ್ನು ನೋಡಿದ್ದೀರಲ್ಲ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಮಾಡುವಾಗ ಕೈಗೆ ಬಂದ ಅಡಿಕೆಯನ್ನು ಮತ್ತೆ ಅದೇ ರಾಶಿಗೆ ಎಸೆಯುವುದಿಲ್ಲ. ಒಂದು ನೋಟ, ಆ ಕಡೆ ಅಥವಾ ಈ ಕಡೆ. ನಿಮ್ಮ ಕಾಗದಕ್ಕೂ ನಾಲ್ಕೇ ಪಾಲು ಸಾಕು. ಇವತ್ತು ನಾನೇ ಮಾಡಬೇಕಾದ್ದು. ಬೇರೆಯವರಿಂದ ಏನೋ ಬರಬೇಕಾಗಿ ಕಾಯುತ್ತಿರುವುದು. ಸಹಿಗೆ ಅಥವಾ ಬೇರೆ ವಿಭಾಗಕ್ಕೆ ಹೋಗಬೇಕಾದ್ದು. ಮುಗಿದದ್ದು. ನಿಮ್ಮ ರಾಶಿಯ ಮುಕ್ಕಾಲು ಪಾಲು ಎರಡನೆಯದೇ ಆಗಿರುತ್ತದೆ, ನೋಡಿ ಬೇಕಾದರೆ.

ಆ ಎರಡನೆಯ ಪಾಲಿಗೆ ಜಾಸ್ತಿ ಗಮನ ಕೊಡಿ. ಪ್ರತಿ ಅರ್ಜಿಯ ಮೇಲೆ ಒಂದು ಚೀಟಿ: ಏನು ಬರಬೇಕು, ಯಾರಿಂದ, ಯಾವತ್ತು ಕೇಳಿದ್ದೇನೆ, ಫೋನ್ ನಂಬರ್. ಎಲ್ಲವನ್ನೂ ಹೆಸರಿನ ಅಕ್ಷರದ ಪ್ರಕಾರ ಒಂದೇ ಬಾಕ್ಸ್ ಫೈಲ್‌ನಲ್ಲಿ ಹಾಕಿ, ಬೆನ್ನಿನ ಮೇಲೆ ದಪ್ಪ ಅಕ್ಷರದಲ್ಲಿ ‘ಕಾಯುತ್ತಿರುವ ಅರ್ಜಿ’ ಅಂತ ಬರೆಯಿರಿ. ಒಳಗಿಟ್ಟರೆ ಮರೆಯುತ್ತೆ ಅನ್ನೋ ಹೆದರಿಕೆಗೆ ಔಷಧಿ ಆ ಚೀಟಿ, ಮತ್ತು ವಾರಕ್ಕೆ ಒಂದು ಗೊತ್ತಾದ ಹೊತ್ತು. ಶುಕ್ರವಾರ ಊಟದ ನಂತರ ಅರ್ಧ ಗಂಟೆ ಅಂತ ಇಟ್ಟುಕೊಳ್ಳಿ. ಆಗ ಇಡೀ ಬಾಕ್ಸ್ ತಿರುವಿ, ಬಾಕಿ ಇರುವವರಿಗೆ ಫೋನ್ ಮಾಡಿ. ಅರೆಬರೆ ಅರ್ಜಿಯನ್ನು ಕೌಂಟರ್‌ನಲ್ಲೇ ವಾಪಸ್ ಕೊಡಿ ಅಂತ ಕೆಲವರು ಸಲಹೆ ಕೊಡುತ್ತಾರೆ. ಟೇಬಲ್‌ಗೆ ಅದು ಒಳ್ಳೆಯದೇ. ಆದರೆ ಮಳೆಯಲ್ಲಿ ಎರಡು ಬಸ್ಸು ಬದಲಿಸಿ ಬಂದವರನ್ನು ಹಾಗೆ ಕಳಿಸೋದು ನನಗೆ ಒಪ್ಪಿಗೆಯಿಲ್ಲ. ತೆಗೆದುಕೊಳ್ಳಿ, ಏನು ಕಮ್ಮಿ ಇದೆ ಅಂತ ಬರೆದ ಇನ್ನೊಂದು ಚೀಟಿಯನ್ನು ಅವರ ಕೈಗೂ ಕೊಡಿ.

ನಿಮ್ಮ ಟೇಬಲ್ ಬಿಟ್ಟು ಹೋಗುವ ಪ್ರತಿ ಕಡತಕ್ಕೆ ಒಂದು ನೋಟ್‌ಬುಕ್‌ನಲ್ಲಿ ಒಂದು ಸಾಲು: ಯಾವುದು, ಯಾರಿಗೆ, ಯಾವತ್ತು. ಬೇರೆಯವರು ನಿಮ್ಮ ಟೇಬಲ್‌ನಿಂದ ತೆಗೆದುಕೊಂಡರೂ ಅವರೇ ಬರೆಯಲಿ. ಈ ಒಂದು ಪುಸ್ತಕ ಇದ್ದಿದ್ದರೆ ನಿಮ್ಮ ರಜೆಯ ಆ ಎರಡು ದಿನದಲ್ಲಿ ಏನಾಯಿತು ಅಂತ ಇವತ್ತು ಗೊತ್ತಾಗುತ್ತಿತ್ತು. ಜಮೀನಿನ ಮೂಲ ದಾಖಲೆ, ಸಹಿಯಾದ ಚೆಕ್ ಇಂಥವು ಮಾತ್ರ ಒಂದು ಗಂಟೆಯೂ ಟೇಬಲ್ ಮೇಲೆ ಇರಬಾರದು, ಬೀಗದೊಳಗೇ ಇರಬೇಕು. ಸಂಜೆ ಏಳರವರೆಗೆ ಕೂರೋದನ್ನು ಇವತ್ತೇ ನಿಲ್ಲಿಸಿ. ಹೊರಡುವ ಮುಂಚೆ ಹತ್ತು ನಿಮಿಷ ಸಾಕು. ಮೊದಲ ಸಲ ಹಳೆ ರಾಶಿ ಬೇರೆ ಮಾಡಲು ಅರ್ಧ ದಿನ ಬೇಕಾಗುತ್ತದೆ. ಅದನ್ನು ಕೇಳಿ ಪಡೆಯಿರಿ, ಕದ್ದು ಮಾಡಬೇಡಿ. ಜಾಗ ಬೇಕು ಅಂತ ಹಳೆ ಕಾಗದ ಹರಿಯೋದೂ ಬೇಡ, ಆಡಿಟ್‌ನಲ್ಲಿ ಕೇಳಿದಾಗ ಉತ್ತರ ಕೊಡಬೇಕಾದವರು ನೀವು. ಯಾವುದನ್ನು ಎಷ್ಟು ವರ್ಷ ಇಡಬೇಕು ಅಂತ ಸೆಕ್ರೆಟರಿಯಿಂದ ಬರಹದಲ್ಲೇ ತಿಳಿದುಕೊಳ್ಳಿ.

ತೇವದ ವಿಷಯ ಸ್ವಲ್ಪ ಹೇಳುತ್ತೇನೆ. ಕಡತ ಅನ್ನೋ ಮಾತೇ ಹಳೆಯದು. ಬಟ್ಟೆಗೆ ಹುಣಿಸೆ ಬೀಜದ ಅಂಟು, ಇದ್ದಿಲು ಕಲಸಿ ಬಳಿದು, ಒಣಗಿಸಿ, ಮಡಿಚಿ, ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕಕ್ಕೆ ಕಡತ ಎನ್ನುತ್ತಿದ್ದರು. ಶೃಂಗೇರಿ ಮಠದಲ್ಲಿ ಅಂಥವು ಬೇಕಾದಷ್ಟಿವೆ. ಅಷ್ಟು ಮಳೆ ಬೀಳುವ ಊರಿನಲ್ಲಿ ನೂರಾರು ವರ್ಷದ ಲೆಕ್ಕಪತ್ರ ಉಳಿದಿದೆ ಅಂದರೆ ಅದನ್ನು ಕಾಪಾಡಿದವರ ಕಾಳಜಿ ಎಷ್ಟಿರಬೇಕು! ನಮ್ಮ ಕಾಗದ ಅಷ್ಟು ಗಟ್ಟಿಯದಲ್ಲ. ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಯಿರಿ, ಕೆಳಗಿನ ಅರೆಯಲ್ಲಿ ಕಾಗದ ಇಡಬೇಡಿ. ಗುಂಡುಪಿನ್ನು ತುಕ್ಕು ಹಿಡಿದು ಕಾಗದ ತಿನ್ನುತ್ತದೆ, ನೂಲಿನ ಟ್ಯಾಗ್ ಹಾಕಿ. ಪ್ಲಾಸ್ಟಿಕ್ ಕವರ್ ತೇವವನ್ನು ಒಳಗೇ ಹಿಡಿದಿಡುತ್ತದೆ, ದಪ್ಪ ರಟ್ಟಿನ ಫೈಲೇ ವಾಸಿ. ನುಸಿಗುಳಿಗೆ ಹುಳಕ್ಕೆ ಆಗುತ್ತದೆ, ಬೂಷ್ಟಿಗೆ ಸಾಲದು, ಮುಚ್ಚಿದ ಕೋಣೆಯಲ್ಲಿ ಅದರ ವಾಸನೆ ನಿಮಗೂ ಒಳ್ಳೆಯದಲ್ಲ. ಮಳೆ ಬಿಟ್ಟು ಹೊಳವಾದ ದಿನ ಬೀರು ತೆರೆದಿಡಿ.

ಇನ್ನು ಸೆಕ್ರೆಟರಿ. ನಿಮ್ಮೆದುರು ಇರುವ ದಾರಿಗಳನ್ನು ಒಂದೊಂದಾಗಿ ನೋಡೋಣ. ಸುಮ್ನೆ ಇರೋದು ಸುಲಭ, ಆದರೆ ಎಲ್ಲರೆದುರು ಬೈದರೂ ಇವರಿಗೆ ಪರವಾಗಿಲ್ಲ ಅಂತ ಅವರು ತಿಳಿಯಬಹುದು. ನೀವು ಒಳಗೊಳಗೆ ಬೇಯುತ್ತೀರಿ. ಅಲ್ಲೇ ಎದುರು ಮಾತಾಡಿದರೆ ಒಂದು ಕ್ಷಣ ಹಗುರ, ಆಮೇಲೆ ಜನರೆದುರು ಯಾರು ಗೆದ್ದರು ಅನ್ನೋದೇ ದೊಡ್ಡದಾಗಿ ಪಹಣಿ ವಿಷಯ ಮೂಲೆಗೆ ಹೋಗುತ್ತದೆ. ಅಧ್ಯಕ್ಷರ ಹತ್ತಿರ ನೇರ ಹೋದರೆ, ಸಣ್ಣ ಊರು, ಸಂಜೆಯೊಳಗೆ ಅದು ಪಕ್ಷದ ವಿಷಯ ಆಗುತ್ತದೆ. ನಿರ್ದೇಶಕರಲ್ಲಿ ಅರ್ಧ ಜನ ಆ ಕಡೆ, ಅರ್ಧ ಈ ಕಡೆ. ಆ ದಾರಿ ಇರಲಿ, ಆದರೆ ಮೊದಲ ಮೆಟ್ಟಿಲು ಅದಲ್ಲ.

ನಾನು ಹೇಳುವುದು, ಒಬ್ಬರೇ ಹೋಗಿ ಮಾತಾಡಿ. ಬೇಬಾಕಿಗೋ ವಿಮೆಗೋ ಜನ ಮುತ್ತಿರುವ ಹೊತ್ತು ಬೇಡ, ಮೀಟಿಂಗ್ ಹಿಂದಿನ ದಿನ ಬೇಡ. ಬೆಳಿಗ್ಗೆ ಕೌಂಟರ್ ತೆರೆಯುವ ಮುಂಚೆ ಒಳ್ಳೆಯದು. ಹೋಗುವ ಮೊದಲು ಒಂದು ವಾರ ಟೇಬಲ್ ಕೆಲಸ ಶುರು ಮಾಡಿರಿ, ಆಗ ತೋರಿಸಲು ಏನಾದರೂ ಇರುತ್ತದೆ. ಮಾತು ಹೀಗಿರಬಹುದು: “ಸಾರ್, ಐದು ನಿಮಿಷ ಮಾತಾಡಬೇಕಿತ್ತು. ಅವತ್ತು ಪಹಣಿ ಸಿಗದೆ ನಿಮಗೆ ಕಷ್ಟ ಆಯ್ತು, ಅದು ನನ್ನ ವಿಭಾಗದ್ದೇ. ನಾನಿಲ್ಲದಿದ್ದರೂ ಸಿಗೋ ಹಾಗೆ ಈ ವ್ಯವಸ್ಥೆ ಮಾಡಿದ್ದೀನಿ, ಒಂದ್ಸಲ ನೋಡಿ. ಹಳೇದನ್ನ ಬೇರೆ ಮಾಡೋಕೆ ಒಂದು ಶನಿವಾರ ಅರ್ಧ ದಿನ ಕೊಡಿ. ಇನ್ನೊಂದು ಮಾತು ಸಾರ್, ಷೇರುದಾರರ ಎದುರು ಹಾಗೆ ಅಂದಿದ್ದು ನನಗೆ ತುಂಬ ನೋವಾಯ್ತು. ತಪ್ಪಿದ್ದರೆ ಒಳಗೆ ಕರೆದು ಹೇಳಿ, ಖಂಡಿತ ತಿದ್ದಿಕೊಳ್ತೀನಿ.” ಆಮೇಲೆ ನಿಲ್ಲಿಸಿ. ಒಂಬತ್ತು ವರ್ಷದ ಕಥೆ, ಬೇರೆಯವರ ಟೇಬಲ್ ಹೇಗಿದೆ ಅನ್ನೋದು, ಇವೆಲ್ಲ ಅವತ್ತು ಬೇಡ. ಧ್ವನಿ ನಡುಗಿದರೆ ನಡುಗಲಿ, ಕಾಗದದಲ್ಲಿ ಬರೆದುಕೊಂಡು ಹೋಗಿ ಓದಿದರೂ ತಪ್ಪಿಲ್ಲ. ಅವರು ತಕ್ಷಣ ಒಪ್ಪದಿರಬಹುದು, ‘ಸರಿ ಸರಿ, ಹೋಗಿ’ ಅನ್ನಬಹುದು. ಅಷ್ಟಕ್ಕೇ ಸೋತೆ ಅಂದುಕೊಳ್ಳಬೇಡಿ. ನಾನಾದರೂ ಆ ಹಿರಿಯ ಗುಮಾಸ್ತರ ಕ್ಷಮೆ ಕೇಳಲು ಹದಿನೈದು ದಿನ ತೆಗೆದುಕೊಂಡಿದ್ದೆ.

ಮತ್ತೆ ಎಲ್ಲರೆದುರು ಕೂಗಿದರೆ, “ಯಾವ ಕಾಗದ ಬೇಕು ಸಾರ್? ತಂದುಕೊಡ್ತೀನಿ” ಅಂತ ಕೆಲಸದ ಮಾತಷ್ಟಕ್ಕೆ ಉತ್ತರಿಸಿ. ದಿನಾಂಕ, ಹೊತ್ತು, ಏನಂದರು, ಯಾರಿದ್ದರು ಅಂತ ಮನೆಯಲ್ಲಿ ಒಂದು ಪುಸ್ತಕದಲ್ಲಿ ಬರೆದಿಡಿ. ಮೂರ್ನಾಲ್ಕು ಸಲ ಆದರೆ ಆಗ ಅಧ್ಯಕ್ಷರಿಗೆ ಬರಹದಲ್ಲಿ ಕೊಡಿ. ಮಾತು ಜಾತಿಗೆ ಹೋದರೆ, ಅಥವಾ ಹೆಣ್ಣು ಅನ್ನೋ ಕಾರಣಕ್ಕೆ ಅಸಭ್ಯವಾಗಿ ನಡೆದುಕೊಂಡರೆ, ಅದು ಟೀಕೆ ಅಲ್ಲ, ಕಾನೂನಿನ ವಿಷಯ. ಲೈಂಗಿಕ ಕಿರುಕುಳದ ದೂರಿಗೆ 2013ರ ಕಾನೂನಿನ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಬೇಕು, ಇಲ್ಲದ ಕಡೆ ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ಸಾಮಾನ್ಯವಾಗಿ 3 ತಿಂಗಳ ಒಳಗೆ ದೂರು ಕೊಡಬೇಕು. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಇಲ್ಲ, ಓದುವ ಬೇರೆಯವರಿಗೆ ಬೇಕಾಗಬಹುದು ಅಂತ ಬರೆದೆ.

ಕೆಲಸ ಬಿಡುವ ವಿಷಯವನ್ನು ಸೆಪ್ಟೆಂಬರ್ ಮಹಾಸಭೆ ಮುಗಿಯುವವರೆಗೆ ಮುಟ್ಟಬೇಡಿ. ಮಳೆಗಾಲದ ಗಡಿಬಿಡಿಯಲ್ಲಿ ಕಂಡದ್ದೇ ಕೆಲಸದ ಪೂರ್ತಿ ರೂಪ ಅಲ್ಲ. ಆದರೆ ಹೆಜ್ಜೆ ಸದ್ದಿಗೆ ಎದೆ ಹೊಡೆದುಕೊಳ್ಳುತ್ತದೆ ಅಂದಿರಲ್ಲ, ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಎರಡು ವಾರದ ಮೇಲೂ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವೂ ಇದೆ.

ಕೊನೆಗೆ, ನಿಮ್ಮ ಪತ್ರದಲ್ಲಿ ಒಬ್ಬರು ಹಾಗೇ ಉಳಿದುಹೋಗಿದ್ದಾರೆ. ಆ ಪಹಣಿ ಕೊಟ್ಟವರು. ಅವರ ಅರ್ಜಿ ಒಂದು ತಿಂಗಳಿಂದ ನಿಂತಿರಬಹುದು. ಸೆಕ್ರೆಟರಿ ಹತ್ತಿರ ಹೋಗುವ ಮೊದಲು ಅವರಿಗೆ ಫೋನ್ ಮಾಡಿ. “ನಿಮ್ಮ ಪಹಣಿ ನಮ್ಮಲ್ಲಿ ತಪ್ಪಿದೆ, ಸರ್ವೆ ನಂಬರ್ ಹೇಳಿ, ನಾನೇ ಹೊಸ ಪ್ರತಿ ತೆಗೆಸ್ತೀನಿ” ಅನ್ನಿ. ನಾಡಕಚೇರಿಯಲ್ಲಿ ಅಥವಾ ಗ್ರಾಮ ಒನ್‌ನಲ್ಲಿ ಹೆಚ್ಚು ಹೊತ್ತು ಬೇಕಾಗಲ್ಲ. ಬಂದ ಕೂಡಲೇ ಅವರ ಅರ್ಜಿಗೆ ಟ್ಯಾಗ್ ಹಾಕಿ, ಚೀಟಿ ಅಂಟಿಸಿ, ಹೊಸ ಬಾಕ್ಸ್ ಫೈಲ್‌ಗೆ ಮೊದಲನೆಯದಾಗಿ ಅದನ್ನೇ ಸೇರಿಸಿ.